ಹಂಡೆಯ ತವರು

ತಾಮ್ರದ ಹಂಡೆಯನ್ನು ವರ್ಷಕ್ಕೊಮ್ಮೆ ತವರಿಗೆ ಕರೆದುಕೊಂಡು ಹೋಗಿ ಬರಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಹೇಳಿದ್ದರೂ ಅದನ್ನು ದೀಪಾವಳಿಗೂ ಲಾಭಪಂಚಮಿಗೂ ನಡುವೆ, ಬಾಡಿಗೆ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಕೊಟ್ಟು ಮಾಡಬೇಕೆಂದಂತೂ ಹೇಳಿರಲಾರದು. ಈ ವ್ರತವನ್ನು ಗುಜರಾತಿನಲ್ಲಿ ಸ್ಥಾಪಿಸಿ, ಅಹಮದಾಬಾದು, ವಡೋದರಾ, ಸೂರತ್ ಎಂಬ ಮೂರು ಊರುಗಳ ಕನ್ನಡಿಗರ ತಲೆಗೆ ಕಟ್ಟಿದವರು ವಡೋದರಾದ ಫತೇಗಂಜಿನ ಒಬ್ಬ ಹೋಟೆಲು ಯಜಮಾನರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. “ಹೋಟೆಲಿನವನ ಹೆಸರು ಪೇಪರಲ್ಲಿ ಬರುವುದು ಎರಡೇ ಸಲ ಮಾರಾಯ್ರೆ. ಒಂದೋ ಅವನು ಸತ್ತಾಗ, ಇಲ್ಲದಿದ್ದರೆ ಸಾಂಬಾರಲ್ಲಿ ಜಿರಳೆ ಸಿಕ್ಕಿದಾಗ” ಎಂಬುದು ಅವರ ಸಿದ್ಧಾಂತ. ಅವರು ಸತ್ತಿಲ್ಲ. ಜಿರಳೆಯೂ ಸಿಕ್ಕಿಲ್ಲ. ಈ ಸಲದ ದೀಪಾವಳಿಗೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟು ನಿವೃತ್ತರಾದರು, ಅಷ್ಟೆ.

ನಾನು ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿದ್ದವನು. ನನ್ನ ನಿವೃತ್ತಿಗೆ ಶಾಲು, ಹಣ್ಣಿನ ಬುಟ್ಟಿ, ನನಗೇ ಪರಿಚಯವಿಲ್ಲದ ನನ್ನ ಗುಣಗಳ ಮೇಲೆ ಮೂರು ಭಾಷಣ, ಎಲ್ಲ ಆಯಿತು. ಯಜಮಾನರು ನಿವೃತ್ತರಾದದ್ದು ಕುರ್ಚಿಯಿಂದ ಎದ್ದು ನಿಂತು. ಎದ್ದವರು ಕುರ್ಚಿಯ ದಿಂಬನ್ನು ಒಮ್ಮೆ ತಟ್ಟಿ, “ಸ್ವಲ್ಪ ಎಡಕ್ಕೆ ವಾಲ್ತದೆ, ನೋಡಿಕೊ” ಎಂದು ತಮ್ಮನ ಮಗನಿಗೆ ಹೇಳಿ ಒಳಗೆ ಕೈ ತೊಳೆಯಲು ಹೋದರಂತೆ. ದೇಶದಲ್ಲಿ ಅಧಿಕಾರ ಹಸ್ತಾಂತರಗಳು ಇಷ್ಟು ಅಚ್ಚುಕಟ್ಟಾಗಿ ನಡೆದರೆ ವೃತ್ತಪತ್ರಿಕೆಗಳು ಮುಚ್ಚಿಹೋದಾವು.

ಆ ಕುರ್ಚಿಯಲ್ಲಿ ಅವರು ಕೂತದ್ದು ಮೀಸೆ ಸರಿಯಾಗಿ ಬಲಿಯುವ ಮುನ್ನ. ಎದ್ದದ್ದು ಮೀಸೆ ಪೂರ್ತಿ ಬೆಳ್ಳಗಾದ ಮೇಲೆ. ಉಡುಪಿ ಕಡೆಯಿಂದ ಸೋದರಮಾವನ ಹಿಂದೆ ರೈಲು ಹತ್ತಿ ಬಂದವರು. ಎತ್ತರದ ಆಳು, ಆದರೆ ಆ ಎತ್ತರ ಗೊತ್ತಿದ್ದವರು ಕಡಿಮೆ. ಗಿರಾಕಿಗಳ ಪಾಲಿಗೆ ಅವರು ಸೊಂಟದಿಂದ ಮೇಲೆ ಮಾತ್ರ ಇದ್ದ ಮನುಷ್ಯ. ವಿಶ್ವವಿದ್ಯಾನಿಲಯದ ಹಾಸ್ಟೆಲು ಹುಡುಗರು ‘ಅಣ್ಣಾ ಅಂಕಲ್’ ಎನ್ನುತ್ತಿದ್ದರು. ಆ ಸಂಬೋಧನೆಯಲ್ಲಿ ಎರಡು ತಲೆಮಾರು ಕಲಸಿಹೋಗಿದ್ದವು. ಅವರು ಎರಡಕ್ಕೂ ಓಗೊಡುತ್ತಿದ್ದರು.

ಗಲ್ಲಾದಲ್ಲಿ ಕೂತವನಿಗೆ ಲೋಕಜ್ಞಾನ ತಾನಾಗಿ ಬರುತ್ತದೆ ಎಂದು ಅವರ ನಂಬಿಕೆ. ಯಾರಾದರೂ ಹುಡುಗ “ರಜೆ ಇದೆ, ಎಲ್ಲಿಗೆ ಹೋಗಲಿ ಅಂಕಲ್?” ಎಂದರೆ ಸಾಕು. ಚಿಲ್ಲರೆ ಎಣಿಸುತ್ತಲೇ ಚಾಂಪಾನೇರಿನ ಕೋಟೆಯನ್ನು ಹತ್ತಿಸಿ, ಕಚ್ಛದ ಉಪ್ಪಿನ ಬಯಲನ್ನು ದಾಟಿಸಿ, ಸೋಮನಾಥದ ಸಮುದ್ರದಲ್ಲಿ ಕಾಲು ತೊಳೆಸಿ ವಾಪಸು ಕರೆತರುತ್ತಿದ್ದರು. ಎಲ್ಲಿ ಬಿಸಿಲು ಜಾಸ್ತಿ, ಎಲ್ಲಿ ಮೆಟ್ಟಿಲು ಜಾರುತ್ತದೆ, ಎಲ್ಲಿಯ ಅರ್ಚಕ ಸಿಡುಕ, ಎಲ್ಲ ಬಾಯಿಪಾಠ. ಕೇಳಿದವರು ಇವರು ಗುಜರಾತನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಸನ್ಯಾಸಿಯೇ ಇರಬೇಕು ಅಂದುಕೊಳ್ಳಬೇಕು. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಹಂಡೆಯ ವಿಷಯಕ್ಕೆ ಬರೋಣ. ಅದು ಅವರ ತಾಯಿಯ ಮನೆಯ ಹಂಡೆ. ಮದುವೆಯಾಗಿ ಹೆಂಡತಿಯನ್ನು ವಡೋದರಾಕ್ಕೆ ಕರೆತಂದಾಗ ಜೊತೆಗೆ ರೈಲಿನಲ್ಲಿ ಬಂದದ್ದು. ಹೋಟೆಲಿನ ಹಿತ್ತಲಲ್ಲಿ ಅದಕ್ಕೊಂದು ಪ್ರತ್ಯೇಕ ಒಲೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅವರೇ ಉಜ್ಜುತ್ತಿದ್ದರು. ಹೀಗೆ ಉಜ್ಜುತ್ತಿದ್ದಾಗ, ಕಾಫಿಗೆ ಬರುತ್ತಿದ್ದ ಭೂಗರ್ಭ ಶಾಸ್ತ್ರದ ಮೇಷ್ಟರೊಬ್ಬರು ಒಂದು ಮಾತು ಹೇಳಿದರಂತೆ: ಗುಜರಾತಿನ ಉತ್ತರದಲ್ಲಿ, ಅರಾವಳಿ ಬೆಟ್ಟಗಳು ಶುರುವಾಗುವ ಅಂಬಾಜಿಯ ಸುತ್ತಮುತ್ತ, ಪುರಾತನ ಕಾಲದಲ್ಲಿ ತಾಮ್ರ ತೆಗೆಯುತ್ತಿದ್ದರು, ಬಂಡೆಗೆ ಬೆಂಕಿ ಹಾಕಿ, ಕಾದ ಮೇಲೆ ನೀರು ಹೊಯ್ದು ಸೀಳುತ್ತಿದ್ದರು, ಆ ಹಳೆಯ ಗುಂಡಿಗಳು ಈಗಲೂ ಇವೆ. ಯಜಮಾನರು ಉಜ್ಜುವುದನ್ನು ನಿಲ್ಲಿಸಿ ಹಂಡೆಯನ್ನೇ ನೋಡಿದರು. “ಹಾಗಾದರೆ ಇದರ ತವರು ಇಲ್ಲೇ ಉಂಟು. ನಾವು ಸುಮ್ಮನೆ ಇದನ್ನು ಪರದೇಶಿ ಅಂದುಕೊಂಡದ್ದು.”

ನಾನು ವೈಜ್ಞಾನಿಕವಾಗಿ ಆಕ್ಷೇಪಿಸಿದೆ. ಉಡುಪಿಯ ಹಂಡೆಯ ತಾಮ್ರ ಚಿತ್ರದುರ್ಗದ್ದಿರಬಹುದು, ಹಡಗಿನಲ್ಲಿ ಬಂದದ್ದಿರಬಹುದು, ಅಂಬಾಜಿಯದ್ದೇ ಎನ್ನಲು ಆಧಾರ ಬೇಕು ಎಂದೆ. ಯಜಮಾನರು ನನ್ನ ತಟ್ಟೆಗೆ ಇನ್ನೊಂದು ವಡೆ ಹಾಕಿಸಿದರು. ಅವರು ವಾದಕ್ಕೆ ಉತ್ತರ ಕೊಡುತ್ತಿದ್ದುದು ಹಾಗೆ. ಆಮೇಲೆ, “ಹೋದಲ್ಲಿ ಕೂತು ಒಂದು ತುತ್ತು ಉಂಡರೆ ಅದೇ ತವರು ಮಾರಾಯ್ರೆ. ನಿಮಗೆ ಆಧಾರ ಬೇಕಾದರೆ ಬಸ್ಸಲ್ಲಿ ಬಂದು ಹುಡುಕಿ” ಎಂದರು.

ಹೀಗೆ ಯಾತ್ರೆ ಶುರುವಾಯಿತು. ದೀಪಾವಳಿ ಕಳೆದ ಮೇಲೆ ಲಾಭಪಂಚಮಿಯವರೆಗೆ ಗುಜರಾತಿನ ಅಂಗಡಿ ಬಾಗಿಲುಗಳು ತೆರೆಯುವುದಿಲ್ಲ. ಸೂರತ್ತಿನ ವಜ್ರದ ಗಿರಣಿಗಳು, ಸೀರೆಯ ಮಾರುಕಟ್ಟೆಗಳು ಮಲಗಿರುತ್ತವೆ. ಫತೇಗಂಜಿನ ಹಾಸ್ಟೆಲುಗಳು ಖಾಲಿ. ಹಬ್ಬಕ್ಕೆ ಊರಿಗೆ ಹೋಗಲಾಗದ ಕನ್ನಡಿಗರು ಪರಸ್ಪರ ಮುಖ ನೋಡಿಕೊಂಡು ಕೂರುವ ದಿನಗಳು ಅವು. ಆ ದಿನಗಳಲ್ಲೊಂದು ಬಸ್ಸು ಹಿಂದಿನ ರಾತ್ರಿಯೇ ಸೂರತ್ತಿನಲ್ಲಿ ಹೊರಟು, ವಡೋದರಾದಲ್ಲಿ ಹಂಡೆಯನ್ನೂ ಯಜಮಾನರನ್ನೂ ಹತ್ತಿಸಿಕೊಂಡು, ಅಹಮದಾಬಾದಿನ ವಸ್ತ್ರಾಪುರದ ಕೆರೆಯ ಮೂಲೆಯಲ್ಲಿ ನಮ್ಮನ್ನು ಎತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಬೆಳಕು ಹರಿದಿರುತ್ತಿತ್ತು.

“ಬಂದ್ರು ನೋಡಿ ಸಂಸ್ಥೆಯವ್ರು,” ಎಂದು ಸೂರತ್ತಿನ ವಾಸುದೇವ ಕಿಟಕಿಯಿಂದ ಕೂಗುತ್ತಿದ್ದ. ಅವನು ಸೀರೆಗೆ ಲೇಸು ಮಾರುವವನು. ಮಾತಿಗೂ ಲೇಸು ಹಚ್ಚದೆ ಬಿಡುವವನಲ್ಲ. “ರಾಕೆಟ್ಟು ಹಾರ್ಸೋಕೆ ಲೇಟಾದ್ರೆ ದೇಶಕ್ಕೆ ನಷ್ಟ. ನೀವು ಲೇಟಾದ್ರೆ ಇಡ್ಲಿಗೆ ನಷ್ಟ.”

“ನಿನ್ನ ಹೊಟ್ಟೆ ಇರೋವಾಗ ಇಡ್ಲಿಗೆ ಎಲ್ಲಿದೆ ಉಳಿಗಾಲ,” ಎಂದು ನಾನು ಹತ್ತುತ್ತಿದ್ದೆ. ಹಂಡೆಯ ಪಕ್ಕದ ಸೀಟು ಯಜಮಾನರದು. ಹಿಂದಿನ ಸೀಟು ಅವರ ಹೆಂಡತಿಯದು. ಹಂಡೆಗೆ ಕೊಟ್ಟ ಕಿಟಕಿ ತನಗೆ ಸಿಕ್ಕಿಲ್ಲವೆಂಬ ದೂರನ್ನು ಆಕೆ ಪ್ರತಿವರ್ಷ ಮೆಹಸಾಣ ದಾಟುವಾಗ ಒಂದು ಸಲ ದಾಖಲಿಸುತ್ತಿದ್ದರು. “ಅದು ತವರಿಗೆ ಹೋಗುವುದು ಮಾರಾಯ್ತಿ, ದಾರಿ ನೋಡ್ಲಿ” ಎಂದು ಯಜಮಾನರು ಪ್ರತಿವರ್ಷ ಅರ್ಜಿಯನ್ನು ವಜಾ ಮಾಡುತ್ತಿದ್ದರು.

ಅಂಬಾಜಿಯಲ್ಲಿ ನೋಡುವುದಕ್ಕೆ ಏನಿಲ್ಲ ಎನ್ನುವಂತಿಲ್ಲ. ಗಬ್ಬರ್ ಗುಡ್ಡದ ಮೇಲೆ ದೇವಿಯ ಜ್ಯೋತಿ, ಮೇಲೇರಲು ತಂತಿಯಲ್ಲಿ ತೂಗುವ ತೊಟ್ಟಿಲು. ಕುಂಭಾರಿಯಾ ಊರಿನ ಜೈನ ಬಸದಿಗಳಲ್ಲಿ ಅಮೃತಶಿಲೆಯ ಚಾವಣಿ. ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ ನೋಡಿ, ಸಂಜೆ ಕತ್ತಿಗೆ ಎಣ್ಣೆ ಹಚ್ಚಿಕೊಳ್ಳುವಷ್ಟು ಚೆಂದ. ಕೋಟೇಶ್ವರದಲ್ಲಿ ಸರಸ್ವತಿ ಹುಟ್ಟುವ ಜಾಗ, ಹಸುವಿನ ಬಾಯಿಂದ ಬೀಳುವ ನೀರು. ಅಲ್ಲಲ್ಲಿ ಸುಟ್ಟು ಕರಕಾದ ಕಲ್ಲಿನ ರಾಶಿಗಳು. ದೇವಿ ಸಿಟ್ಟಾಗಿ ನೂರಾರು ಗುಡಿಗಳನ್ನು ಸುಟ್ಟದ್ದು ಎಂದು ಊರವರು, ತಾಮ್ರ ಕರಗಿಸಿ ಚೆಲ್ಲಿದ ಕಿಟ್ಟ ಎಂದು ಓದಿದವರು. ಎರಡು ಪಕ್ಷದವರೂ ಅದೇ ರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಚೆಯ ಕಾಡಿನಲ್ಲಿ ಕರಡಿಗಳಿವೆ. ಅವು ನಮ್ಮ ಬಸ್ಸಿನ ಗಲಾಟೆ ಕೇಳಿ ರಾಜಸ್ಥಾನಕ್ಕೆ ಹೋಗುತ್ತಿದ್ದವೆಂದು ವಾಸುದೇವನ ಅಂದಾಜು.

ಆದರೆ ಯಾತ್ರೆಯ ಗರ್ಭಗುಡಿ ಇವು ಯಾವುದೂ ಅಲ್ಲ. ಒಂದು ಧರ್ಮಶಾಲೆಯ ಅಂಗಳದ ಬೇವಿನ ಮರ. ಅದರ ಹಿಂದೆಯೇ ಹಳೆಯ ತಾಮ್ರದ ಗುಂಡಿಯ ಗುಡ್ಡ. ಮರದ ಕೆಳಗೆ ಮೂರು ಕಲ್ಲಿಟ್ಟು ಹಂಡೆ ಕೂರಿಸಿ, ನೀರು ತುಂಬಿ, ಬೆಂಕಿ ಹಚ್ಚಿ, ಸುತ್ತಲೂ ಇಡ್ಲಿ, ಚಿತ್ರಾನ್ನ, ಸಾಂಬಾರಿನ ಪಾತ್ರೆಗಳನ್ನು ಜೋಡಿಸಿ ಯಜಮಾನರು ನಡುವೆ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೂತೊಡನೆ ಆ ಬೇವಿನ ಮರ ಫತೇಗಂಜಿನ ಗಲ್ಲಾ ಆಗಿಬಿಡುತ್ತಿತ್ತು. ನಾವು ಇಡ್ಲಿ ಮುಗಿಸಿದ ಮೇಲೆ ಪ್ರವಚನ.

“ಗುಡ್ಡ ಹತ್ತುವಾಗ ಮಾತಾಡಬೇಡಿ, ಉಸಿರು ಬೇಕು. ಮೇಲೆ ಹೋದ ಕೂಡಲೇ ಎಡಕ್ಕೆ ಒಂದು ಗವಿ ಉಂಟು. ಬಗ್ಗಿ ನೋಡಿ. ಗೋಡೆಯಿಡೀ ಹಸಿರು. ನವಿಲಿನ ಕುತ್ತಿಗೆ ಉಂಟಲ್ಲ, ಅದೇ ಬಣ್ಣ. ಸೂರ್ಯ ಬಿದ್ದರೆ ಗೋಡೆ ಅಲುಗಾಡಿದ ಹಾಗೆ ಕಾಣ್ತದೆ. ಹಳಬರು ಬೆಂಕಿ ಹಾಕಿ ನೀರು ಹೊಯ್ದ ಜಾಗ. ಒಗ್ಗರಣೆಗೆ ನೀರು ಬಿದ್ದರೆ ಹೇಗೆ ಚಟಚಟ ಅಂತದೆ? ಬಂಡೆ ಹಾಗೆ ಹೇಳಿದ್ದು. ಕಿವಿ ಇಟ್ಟರೆ ಈಗಲೂ ಕೇಳ್ತದೆ. ಹೋಗಿ, ಹೋಗಿ. ಬಂದು ಹೇಳಬೇಕು.”

ಬಂದು ಹೇಳುವುದು ಕಡ್ಡಾಯ. ಇಳಿದು ಬಂದವರಿಗೆ ಕಾಫಿ ಸಿಗಬೇಕಾದರೆ ಮೊದಲು ಯಜಮಾನರ ಮುಂದೆ ನಿಂತು ವರದಿ ಒಪ್ಪಿಸಬೇಕು. ಲೋಟವನ್ನು ತಾವೇ ಹಿಡಿದುಕೊಂಡು, “ಎಂತ ನೋಡಿದ್ರಿ? ಹೇಳಿ” ಎನ್ನುವರು. ಚೆನ್ನಾಗಿ ಹೇಳಿದವರಿಗೆ ಲೋಟ ತುಂಬ. “ಏನಿಲ್ಲ, ಗುಂಡಿ ಇದೆ” ಎಂದವರಿಗೆ ಅರ್ಧ. ಸಂಶೋಧನಾ ಲೇಖನಗಳಿಗೂ ಇಷ್ಟು ಕಟ್ಟುನಿಟ್ಟಿನ ಪರಿಶೀಲನೆ ಆಗುವುದನ್ನು ನಾನು ಕಂಡಿಲ್ಲ. ಬಸದಿಗೆ ಹೋದವರೂ, ಕೋಟೇಶ್ವರಕ್ಕೆ ಹೋದವರೂ ಇದೇ ಪರೀಕ್ಷೆಗೆ ಕೂರಬೇಕಿತ್ತು. ಇದನ್ನು ನಾವು ಶಾಲೆಯ ಮೇಷ್ಟರ ಪರೀಕ್ಷೆ ಎಂದೇ ತಿಳಿದಿದ್ದೆವು. ಉತ್ತರ ಗೊತ್ತಿರುವವನು ತಾನೇ ಪ್ರಶ್ನೆ ಕೇಳುವುದು?

ಒಂದು ವರ್ಷ ನಾನು, “ಆ ಗುಂಡಿ ದೊಡ್ಡ ಒರಳಿನ ಹಾಗೆ ಕಾಣುತ್ತದೆ. ಯಾರೋ ರಾಕ್ಷಸರು ರುಬ್ಬಿ ಎದ್ದುಹೋದ ಹಾಗೆ” ಎಂದೆ. ತುಂಬಿದ ಲೋಟ ಸಿಕ್ಕಿತು. ಮರುವರ್ಷದ ಪ್ರವಚನದಲ್ಲಿ ಯಜಮಾನರು ನನ್ನತ್ತಲೇ ತಿರುಗಿ, “ಗುಂಡಿ ಒರಳಿನ ಹಾಗೆ ಉಂಟು ಸರ್. ರಾಕ್ಷಸರು ರುಬ್ಬಿದ್ದು. ಗೊತ್ತಾಯ್ತಾ?” ಎಂದರು. ಗೊತ್ತಾಯಿತು ಎಂದೆ. ಇನ್ನೊಂದು ವರ್ಷ ವಾಸುದೇವ ಗವಿಯಲ್ಲಿ ಬಾವಲಿಗಳನ್ನು ಕಂಡದ್ದಾಗಿ ಹೇಳಿದ. ಅದರ ಮರುವರ್ಷದಿಂದ ಅಲ್ಲಿ ಬಾವಲಿಗಳು ಖಾಯಮ್ಮಾಗಿ ನೆಲೆಸಿದವು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಅನುಮಾನಪಡುವುದಕ್ಕೇ ಸರಕಾರ ನನಗೆ ಸಂಬಳ ಕೊಡುತ್ತಿತ್ತು. ಆದರೆ ಯಜಮಾನರ ಕಾಫಿಯ ಮುಂದೆ ವಿಜ್ಞಾನ ಸ್ವಲ್ಪ ಸಡಿಲವಾಗುತ್ತದೆ.

ಗುಟ್ಟು ಒಡೆದದ್ದು ನನ್ನ ಮಗಳಿಂದ. ಅವಳು ಅಹಮದಾಬಾದಿನಲ್ಲೇ ಬೆಳೆದವಳು. ವಡೋದರಾದಲ್ಲಿ ಚಿತ್ರಕಲೆ ಓದುತ್ತಾಳೆ, ಯಜಮಾನರ ಹೋಟೆಲಿನಲ್ಲಿ ಉಣ್ಣುತ್ತಾಳೆ. ಅವಳ ಕನ್ನಡದಲ್ಲಿ ಅರ್ಧ ಗುಜರಾತಿ, ಉಳಿದದ್ದರಲ್ಲಿ ಅರ್ಧ ಹಿಂದಿ. ಹೋದ ವರ್ಷ ಮೊದಲ ಸಲ ಯಾತ್ರೆಗೆ ಬಂದು, ಗುಡ್ಡ ಇಳಿದು, ಲೋಟದ ಮುಂದೆ ನಿಂತಳು.

“ಎಂತ ನೋಡಿದ್ದು ಮಗಾ? ಹೇಳು.”

“ಅಂಕಲ್, ಲೆಫ್ಟಲ್ಲಿ ಗವಿ ಇಲ್ವಲ್ಲ? ನಾನು ತುಂಬಾ ಹುಡುಕ್ದೆ.”

“ಉಂಟು. ನೀನು ಸರಿ ನೋಡ್ಲಿಲ್ಲ.”

“ಪಣ... ಆದ್ರೆ ಅಂಕಲ್, ನಿಜವಾಗ್ಲೂ ಇಲ್ಲ. ನೀವು ಲಾಸ್ಟ್ ಯಾವಾಗ ನೋಡಿದ್ದು?”

ಯಜಮಾನರು ಲೋಟಕ್ಕೆ ಸಕ್ಕರೆ ಹಾಕಿದರು. ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದರು. ಹಿಂದಿನಿಂದ ಅವರ ಹೆಂಡತಿ, ಎಲೆ ಒರೆಸುತ್ತಿದ್ದವರು, ತಲೆ ಎತ್ತದೆ ಹೇಳಿದರು: “ಕೊನೇ ಸಲ ಇರ್ಲಿ ಮಗಾ. ಮೊದಲನೇ ಸಲ ಯಾವಾಗ ಅಂತ ಕೇಳು.”

ಅಂಗಳದಲ್ಲಿದ್ದ ನಾವೆಲ್ಲ ಯಜಮಾನರನ್ನು ನೋಡಿದೆವು. ಅವರು ಗುಡ್ಡವನ್ನು ಹತ್ತಿರಲೇ ಇಲ್ಲ. ಬಸದಿಯ ಚಾವಣಿ ನೋಡಿರಲಿಲ್ಲ. ಕೋಟೇಶ್ವರದ ನೀರು ಮುಟ್ಟಿರಲಿಲ್ಲ. ಇಷ್ಟು ವರ್ಷ ಬೇವಿನ ಮರದ ಕೆಳಗೆ ಪಾತ್ರೆ ಕಾಯುತ್ತ ಕೂತಿದ್ದರು, ಅಷ್ಟೆ. ಅಷ್ಟೇಕೆ, ಚಾಂಪಾನೇರೂ ಇಲ್ಲ, ಕಚ್ಛವೂ ಇಲ್ಲ, ಸೋಮನಾಥವೂ ಇಲ್ಲ.

“ಎಂತ ಮಾಡುವುದು,” ಎಂದರು ಯಜಮಾನರು. “ನಾನು ಗುಜರಾತು ನೋಡಿದ್ದೆಲ್ಲ ಗಿರಾಕಿಗಳ ಬಾಯಲ್ಲಿ.”

ಕಾರಣ ಇಲ್ಲದೆ ಇಲ್ಲ. ಮೊದಲ ಯಾತ್ರೆಯಲ್ಲಿ ಅವರೂ ಹೊರಟಿದ್ದರಂತೆ. ಗುಡ್ಡದ ಬುಡ ದಾಟುವಷ್ಟರಲ್ಲಿ ಹಿಂದೆ ಮುಚ್ಚಳ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಕರಿಮುಖದ ಮುಸಿಯಗಳ ಒಂದು ಸಂಸಾರ ಪಂಕ್ತಿಯಲ್ಲಿ ಕೂತು ಇಡ್ಲಿ ತಿನ್ನುತ್ತಿತ್ತು. ಹಿರಿಯ ಗಂಡು ಸಾಂಬಾರಿಗೆ ಕೈ ಅದ್ದಿ, ಮೂಸಿ, ಮುಖ ಸಿಂಡರಿಸಿತಂತೆ. ಇಡ್ಲಿ ಹೋದದ್ದಕ್ಕಿಂತ ಆ ಸಿಂಡರಿಸಿದ ಮುಖ ಯಜಮಾನರನ್ನು ಹೆಚ್ಚು ನೋಯಿಸಿತು. ಅಂದಿನಿಂದ “ಅನ್ನವನ್ನು ಒಂಟಿ ಬಿಡಬಾರದು” ಎಂಬುದು ಅವರ ಮಹಾವಾಕ್ಯ. ಬಸ್ಸಿನೊಳಗಿಟ್ಟು ಬೀಗ ಹಾಕಬಹುದಲ್ಲ ಎಂದರೆ, ಮುಚ್ಚಿಟ್ಟ ಬಸ್ಸಿನಲ್ಲಿ ಅನ್ನ ಬೆವರುತ್ತದೆ ಎನ್ನುವರು. ಬೆವರಿದ ಅನ್ನ ತಮ್ಮ ಕೈಯಿಂದ ಬಡಿಸಲ್ಪಟ್ಟಿತೆಂಬ ಅಪಕೀರ್ತಿಗಿಂತ ಗವಿ ನೋಡದಿರುವುದೇ ಲೇಸು ಎಂದು ಅವರು ತೀರ್ಮಾನಿಸಿದ್ದರು. ವರ್ಷವಿಡೀ ಗಲ್ಲಾ ಬಿಟ್ಟು ಏಳದವರಿಗೆ ಆ ಒಂದು ದಿನವೂ ಎದ್ದು ಅಭ್ಯಾಸವಿರಲಿಲ್ಲ.

ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಗವಿ ಇಲ್ಲ ಎಂದು ನನ್ನ ಮಗಳು ಹೇಳಿದ ಕೂಡಲೇ ಯಜಮಾನರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಮಾತನ್ನು ಬೇರೆ ಕಡೆ ತಿರುಗಿಸಿದ್ದರು. ಎಡಕ್ಕೆ ಗವಿ ಇಲ್ಲವೆಂಬುದು ಗುಡ್ಡ ಹತ್ತಿದ ನಮಗೆಲ್ಲ ಗೊತ್ತು. ಅದು ಎಲ್ಲೋ ಪೊದೆಯಲ್ಲಿ ಮುಚ್ಚಿಹೋಗಿರಬೇಕು, ಯಜಮಾನರು ಹಳೆಯ ಕಾಲದಲ್ಲಿ ಕಂಡಿರಬೇಕು ಎಂದು ಒಬ್ಬೊಬ್ಬರೂ ಅಂದುಕೊಂಡು, ಕಾಫಿಯ ಆಸೆಗೆ ಕಂಡೆವು ಎನ್ನುತ್ತಿದ್ದೆವು. ಹಾಗಾದರೆ ಆ ಗವಿಯನ್ನು ಮೊದಲು ಕಂಡವರು ಯಾರು?

ಅಮ್ಮ ಪ್ರತಿವರ್ಷ ತಪ್ಪದೆ ಹತ್ತುತ್ತಿದ್ದರು. ಮೇಲೆ ಒಂದು ಮುತ್ತುಗದ ಮರವಿದೆ. ನಾವು ಗುಂಡಿ ಸುತ್ತಿ ಬರುವವರೆಗೆ ಅವರು ಅದರ ಕೆಳಗೆ ಕೂತಿರುತ್ತಿದ್ದರು. ಒಮ್ಮೆ ನಾನು, “ಏನಮ್ಮ, ಧ್ಯಾನವೇ?” ಎಂದಿದ್ದೆ. “ಧ್ಯಾನ ಎಂತದು. ಕೆಳಗೆ ಹೋದರೆ ಇವರು ಕೇಳ್ತಾರಲ್ಲ, ಎಂತ ಹೇಳುವುದು ಅಂತ ನೋಡ್ತಾ ಇದ್ದೇನೆ” ಎಂದಿದ್ದರು. ತಮಾಷೆ ಎಂದುಕೊಂಡಿದ್ದೆ.

ಈ ವರ್ಷ ನಿವೃತ್ತಿಗೆ ಸ್ವಲ್ಪ ಮುಂಚೆ ಯಜಮಾನರ ಮಂಡಿಯನ್ನು ಪರೀಕ್ಷಿಸಿದ ಡಾಕ್ಟರು ಚಳಿಗಾಲ ಕಳೆದೊಡನೆ ಅದನ್ನು ಬದಲಿಸಬೇಕು ಎಂದರಂತೆ. ಅಲ್ಲಿಯವರೆಗೆ ಹುಷಾರು, ಆಮೇಲೆ ಗುಡ್ಡಗಿಡ್ಡ ಬೇಡವೇ ಬೇಡ. ಯಜಮಾನರು ನನಗೆ ಫೋನು ಮಾಡಿದರು. “ಸರ್, ಈ ಮಂಡಿಯಲ್ಲಿ ಇನ್ನೊಂದು ಗುಡ್ಡ ಉಂಟು. ಎರಡಿಲ್ಲ.” ಆಮೇಲೆ, “ಒಮ್ಮೆ ನೋಡಬೇಕಿತ್ತು ಆ ಗವಿಯನ್ನು” ಎಂದರು.

ಪ್ರಶ್ನೆ ಒಂದೇ: ಪಾತ್ರೆ ಕಾಯುವವರು ಯಾರು? ಈ ಸಲದ ಯಾತ್ರೆಯಲ್ಲಿ ಬೇವಿನ ಮರದ ಕೆಳಗೆ ಇದಕ್ಕಾಗಿ ಒಂದು ಸಭೆಯೇ ನಡೆಯಿತು. ವಾಸುದೇವ ಮೊದಲು ಅರ್ಜಿ ಹಾಕಿದ.

“ನೀನಾ?” ಎಂದರು ಯಜಮಾನರು. “ಅದಕ್ಕಿಂತ ಆ ಮುಸಿಯವನ್ನೇ ಕೂರಿಸುವುದು ಲಾಯಕ್ಕು. ಅದು ಸಾಂಬಾರು ಆದರೂ ಬಿಡ್ತದೆ.”

“ನಾನು ಕೂರುತ್ತೇನೆ,” ಎಂದೆ.

“ನೀವು ಪೇಪರು ಬಿಡಿಸ್ತೀರಿ ಸರ್. ಬೇಡ.”

“ಅಂಕಲ್, ನಾನು?” ಎಂದಳು ನನ್ನ ಮಗಳು.

“ನೀನು ಮುಸಿಯದ ಚಿತ್ರ ಬಿಡಿಸ್ತಾ ಅದಕ್ಕೇ ಬಡಿಸ್ತಿ.”

ಅಮ್ಮ ಸ್ಟೂಲನ್ನು ತಮ್ಮತ್ತ ಎಳೆದುಕೊಂಡು ಕೂತರು. “ಹೋಯ್, ನಾನು ಕೂತೆ. ಹೋಗಿ ನೀವು.”

ಇದಕ್ಕೆ ಯಜಮಾನರ ಬಳಿ ಆಕ್ಷೇಪಣೆ ಇರಲಿಲ್ಲ. ಜಗತ್ತಿನಲ್ಲಿ ಅವರು ಅನ್ನವನ್ನು ನಂಬಿ ಬಿಡಬಹುದಾದ ಇನ್ನೊಬ್ಬ ವ್ಯಕ್ತಿ ಇದ್ದರೆ ಆಕೆಯೇ. ಇಷ್ಟು ವರ್ಷ ಇದು ಯಾರಿಗೂ ಹೊಳೆಯದೆ ಹೋದದ್ದು ಹೇಗೆ ಎಂದು ನಾವು ಮುಖ ನೋಡಿಕೊಂಡೆವು. ಬಹುಶಃ ಆಕೆ ಹೊಳೆಯಲು ಬಿಟ್ಟಿರಲಿಲ್ಲ. ಯಜಮಾನರು ಕೋಲು ಹುಡುಕಲು ಅತ್ತ ಹೋದಾಗ ಆಕೆ ನನ್ನನ್ನು ಕಣ್ಣಲ್ಲೇ ಕರೆದರು.

“ಮೇಲೆ ಎಂತ ಇಲ್ಲ ಅಲ್ವಾ ಸರ್,” ಎಂದರು ಮೆಲ್ಲಗೆ. “ಇವರು ಇಲ್ಲಿ ಹೊಗೆಯಲ್ಲಿ ಕೂತು ಕಣ್ಣುಜ್ಜಿಕೊಳ್ತಾ ಕೇಳುವಾಗ, ಗುಂಡಿ ಉಂಟು, ಮುಳ್ಳು ಉಂಟು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಮೊದಲ ವರ್ಷ ಸ್ವಲ್ಪ ಹಸಿರು ಅಂತ ಹೇಳಿದೆ. ಖುಷಿ ಆಯ್ತು ಅವರಿಗೆ. ಆಮೇಲೆ ನವಿಲು ಬಂತು, ಗವಿ ಬಂತು. ಈಗ ಅಷ್ಟು ಆಸೆ ಇಟ್ಟುಕೊಂಡು ಹತ್ತುವುದು. ಬೇಜಾರು ಮಾಡಿಕೊಳ್ಳದ ಹಾಗೆ ನೋಡಿ.”

ನಾನು ನೋಡುತ್ತೇನೆ ಎಂದೆ. ಹೇಗೆ ನೋಡುವುದೆಂದು ತಿಳಿಯಲಿಲ್ಲ.

ಹತ್ತಿದೆವು. ಮುಂದೆ ನನ್ನ ಮಗಳು, ನಡುವೆ ಕೋಲೂರಿಕೊಂಡು ಯಜಮಾನರು, ಹಿಂದೆ ನಾನು. ಅವರು ಎಷ್ಟು ಎತ್ತರದ ಮನುಷ್ಯ ಎಂದು ನನಗೆ ಆ ಗುಡ್ಡದ ಮೇಲೆ ಗೊತ್ತಾಯಿತು. ತಮ್ಮ ಪ್ರವಚನದ ನಿಯಮದಂತೆ ಮಾತಾಡಲಿಲ್ಲ. ಆಗಾಗ ನಿಂತು ಮಂಡಿಯನ್ನು ತಟ್ಟುತ್ತಿದ್ದರು, ಗಲ್ಲಾದ ಕುರ್ಚಿಯನ್ನು ತಟ್ಟಿದ ಹಾಗೆ.

ಮೇಲೆ ತಲುಪಿ ಅವರು ತಕ್ಷಣ ಎಡಕ್ಕೆ ತಿರುಗಿದರು. ಅಲ್ಲಿ ಹುಚ್ಚುಜಾಲಿಯ ಪೊದೆ, ಅದರ ಮುಳ್ಳಿಗೆ ಸಿಕ್ಕ ಒಂದು ವೇಫರಿನ ಖಾಲಿ ಪೊಟ್ಟಣ. ಅದರಾಚೆ ಉದ್ದಕ್ಕೆ ಕೊರೆದ ಗುಂಡಿ, ಅರ್ಧ ಮಣ್ಣು ತುಂಬಿದ್ದು. ಒರಳಿನ ಹಾಗೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಗುಂಡಿಯ ಅಂಚಿನ ಒಂದು ಕಲ್ಲಿನ ಮೇಲೆ ಅಂಗೈಯಗಲ ಹಸಿರು ಕಲೆ.

ಯಜಮಾನರು ಕೋಲಿನಿಂದ ಪೊದೆ ಸರಿಸಿ ನೋಡಿದರು. “ಮಳೆಗೆ ಕುಸಿದಿರಬೇಕು,” ಎಂದೆ ನಾನು. “ಈ ಕಡೆಯ ಬಂಡೆ ಮೆದು. ಹೋದ ವರ್ಷವೂ...”

“ಸುಮ್ಮನಿರಿ ಸರ್,” ಎಂದರು. ಸಿಟ್ಟಿನಿಂದಲ್ಲ. ಕೋಲನ್ನು ನನ್ನ ಮಗಳ ಕೈಗೆ ಕೊಟ್ಟು, ಬಗ್ಗಿ, ಆ ಹಸಿರು ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಹಂಡೆಯ ಅಂಚಿನಲ್ಲಿ ಹುಣಸೆಹಣ್ಣು ತಾಗದ ಕಡೆ ಕೂರುವ ಹಸಿರೇ ಅದು. ಅವರ ಬೆರಳಿಗೆ ಅದರ ಗುರುತು ಸಿಕ್ಕಿರಬೇಕು, ತಲೆಯಾಡಿಸಿದರು. ಆಮೇಲೆ ಕೇಳಿದರು: “ಇವಳು ಎಲ್ಲಿ ಕೂರುವುದು?”

ನಾನು ಮುತ್ತುಗದ ಮರ ತೋರಿಸಿದೆ. ಅವರು ಹೋಗಿ ಅದರ ಕೆಳಗಿನ ಕಲ್ಲಿನ ಮೇಲೆ ಕಾಲು ನೀಡಿ ಕೂತರು. ಅಲ್ಲಿಂದ ಗಬ್ಬರಿನ ತೊಟ್ಟಿಲುಗಳು ಒಂದರ ಹಿಂದೆ ಒಂದು ಮೇಲೇರುವುದು ಕಾಣುತ್ತಿತ್ತು. ದೂರದಲ್ಲಿ ಅಮೃತಶಿಲೆ ಕಡಿದ ಬೆಳ್ಳನೆಯ ಗಾಯಗಳು, ಅದರಾಚೆ ನೀಲಿಯಾಗುತ್ತ ಹೋದ ಬೆಟ್ಟಗಳು. ಯಜಮಾನರು ಅವನ್ನೆಲ್ಲ ಕ್ರಮವಾಗಿ, ಹೋಟೆಲಿನ ಬಿಲ್ಲು ನೋಡುವವರಂತೆ ನೋಡಿದರು. ನಂತರ ಅವರ ಕಣ್ಣು ಕೆಳಗಿಳಿಯಿತು. ನೇರ ಕೆಳಗೆ ಧರ್ಮಶಾಲೆಯ ಅಂಗಳ. ಬೇವಿನ ಮರ. ಮರದ ಸಂದಿನಿಂದ ಹಂಡೆಯ ಹೊಗೆ. ಹೊಗೆಯ ಪಕ್ಕ, ಸ್ಟೂಲಿನ ಮೇಲೆ, ಸಣ್ಣದಾಗಿ ಒಂದು ಕೆಂಪು ಸೀರೆ.

“ಇಲ್ಲಿಂದ ಕಾಣ್ತದೆ ಅಲ್ಲ,” ಎಂದರು.

“ಏನು ಅಂಕಲ್?” ಎಂದಳು ಮಗಳು.

“ನಾನು ಕೂರುವ ಜಾಗ.”

ಮಗಳು ಪಕ್ಕದಲ್ಲಿ ಕೂತು ಚಿತ್ರ ಬಿಡಿಸಿದಳು. ನಾನು ವೇಫರಿನ ಪೊಟ್ಟಣವನ್ನು ಮುಳ್ಳಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡೆ. ಇಳಿಯುವಾಗ ಯಜಮಾನರು ಒಂದೇ ಮಾತು ಅಂದರು, ಅದೂ ಯಾರಿಗೂ ಅಲ್ಲ. “ಅಷ್ಟು ದೊಡ್ಡ ಗವಿಯನ್ನು ಆ ಮರದ ಬುಡದಲ್ಲಿ ಕೂತು ಕಟ್ಟಿದ್ದಳಲ್ಲ.”

ಕೆಳಗೆ ಅಮ್ಮ ಲೋಟ ಹಿಡಿದು ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ಮೊದಲು ಗಂಡನ ಮಂಡಿ ನೋಡಿದರು, ಆಮೇಲೆ ಮುಖ. ಸುತ್ತ ಮೂರು ಊರಿನವರು ಕಾಫಿ ಮರೆತು ನಿಂತಿದ್ದರು. ವಾಸುದೇವ ಕೂಡ.

“ಎಂತ ನೋಡಿದ್ರಿ?” ಎಂದರು ಅಮ್ಮ. “ಹೇಳಿ.”

ಯಜಮಾನರು ಕೋಲನ್ನು ಮರಕ್ಕೆ ಒರಗಿಸಿದರು. ಪ್ರವಚನಕ್ಕೆ ಗಂಟಲು ಸರಿಮಾಡಿಕೊಳ್ಳುವಂತೆ ಮಾಡಿಕೊಂಡರು.

“ಎಲ್ಲ ಉಂಟು,” ಎಂದರು. “ಎಡಕ್ಕೆ ಗವಿ. ನೀನು ಹೇಳಿದ ಹಾಗೆಯೇ. ನವಿಲಿನ ಕುತ್ತಿಗೆ ಅಂದರೆ ನವಿಲಿನ ಕುತ್ತಿಗೆಯೇ. ಬಿಸಿಲು ಬಿತ್ತು, ಗೋಡೆ ಅಲುಗಾಡಿತು. ಆದರೆ ನೀನು ಒಂದು ಹೇಳ್ಲೇ ಇಲ್ಲ ಮಾರಾಯ್ತಿ.”

“ಎಂತದು?”

“ಒಳಗೆ ಮೂಲೆಯಲ್ಲಿ ಒಂದು ಒಲೆ ಉಂಟು. ಮೂರು ಕಲ್ಲಿನದ್ದು. ಹಳೇ ಕಾಲದ್ದು. ಗಂಡಸರು ಅಲ್ಲಿ ಬಂಡೆ ಒಡೀತಾ ಇರುವಾಗ ಯಾರೋ ಹೆಂಗಸು ಇಲ್ಲಿ ಕೂತು ಗಂಜಿ ಕಾಯಿಸ್ತಿದ್ದದ್ದು. ಅಲ್ಲಿ ಕೂತರೆ ಹೊರಗಿನದ್ದೆಲ್ಲ ಕಾಣ್ತದೆ. ಬೇವಿನ ಮರ ಕೂಡ.”

ಅಮ್ಮ ಅವರನ್ನೇ ನೋಡುತ್ತಿದ್ದರು. “ಹೌದಾ?” ಎಂದರು. “ನಾನು ನೋಡ್ಲಿಲ್ಲ ಅದನ್ನು.”

“ಬರುವ ವರ್ಷ ಸರಿ ನೋಡು. ಪಾತ್ರೆ ನಾನು ನೋಡಿಕೊಳ್ತೇನೆ. ಹೊಸ ಮಂಡಿಗೆ ಕೂರುವ ಕೆಲಸವೇ ಒಳ್ಳೇದಂತೆ.”

ಅವರಿಗೆ ಕಾಫಿ ಸಿಕ್ಕಿತು, ಲೋಟ ತುಂಬ. ಅಮ್ಮ ಎರಡನೆಯ ಲೋಟ ಎತ್ತಿಕೊಂಡು ನನ್ನತ್ತ ತಿರುಗಿದರು. ಬದುಕಿಡೀ ಅಳೆದು, ತೂಗಿ, ದೋಷದ ಪ್ರಮಾಣ ಸಹಿತ ವರದಿ ಬರೆದವನು ನಾನು.

“ನೀವು ಹೇಳಿ ಸರ್. ಒಲೆ ಉಂಟಾ?”

“ಉಂಟು,” ಎಂದೆ. “ಬೂದಿ ಇನ್ನೂ ಬೆಚ್ಚಗಿತ್ತು.”